ಮೂವತ್ತೈದು ಗುಳಿಗಿ

ಬೆಟಗೇರಿಯಲ್ಲಿ ನನ್ನ ಔಷಧದಂಗಡಿ.
ದೀಪ ಹಚ್ಚುವ ಹೊತ್ತಿಗೆ ಬಂದ ವಿಠ್ಠಲಸಾ
ಅಂಗಿ ಎತ್ತಲು ನಾಚಿ ಚೀಟಿ ಮಾತ್ರ ಚಾಚಿದ.
ಓದುವ ಮೊದಲೇ ತಿಳಿಯಿತು.
ನಲವತ್ತು ವರ್ಷ ಕುಣಿಮಗ್ಗಕ್ಕೆ ಇಳಿದವನು
ಒಂದೇ ಮಗ್ಗುಲಿಗೆ ಬಾಗಿ ನಿಂತಿದ್ದ,
ಬಟ್ಟೆಯನ್ನು ಸೊಂಟದಿಂದ
ಎರಡು ಬೆರಳು ದೂರ ಹಿಡಿದು.

"ಹಾವು ಸುತ್ತೇತ್ರಿ ಅಕ್ಕಾರ.
ತಲಿ ಬಾಲ ಕೂಡಿದ್ರ ಮುಗೀತಂತಲ್ಲ?"

ಕೂಡೂದಿಲ್ಲ ಅಂದೆ. ನರದ ಗುಂಟ ಬರೂದದು,
ಬೆನ್ನಿನ ನಡುಗೆರಿ ದಾಟೂದಿಲ್ಲ.
ಅಂದೆನೇನೋ ಸರಿ.
ನನ್ನಜ್ಜಿ, ಕುಂಬಾರ ಓಣಿಯ ಪಾರವ್ವ,
ತಿಗರಿಯ ಪಕ್ಕ ಕೆಮ್ಮಣ್ಣು ಕಲಸಿ
ಬಂದವರ ಬೆನ್ನಿಗೆ ಹಾವು ಬರೆದು
ಹೆಡೆಗೂ ಬಾಲಕ್ಕೂ ನಡುವೆ ಗೇಣು ಬಿಟ್ಟು
ಅಲ್ಲೊಂದು ಅಡ್ಡಗೆರೆ ಎಳೆಯುತ್ತಿದ್ದಳು.
ರೊಕ್ಕ ಮುಟ್ಟುತ್ತಿರಲಿಲ್ಲ.
ಕೆಲವರಿಗೆ ವಾಸಿ.
ಕೆಲವರು ವರ್ಷಗಟ್ಟಲೆ ರಾತ್ರಿ ನರಳಿದರು.
ಅವರ ಹೆಸರು ಹೇಳುತ್ತಿರಲಿಲ್ಲ.

ಎಣಿಸುತ್ತೇನೆ. ಅಸೈಕ್ಲೊವಿರ್, ಎಂಟುನೂರು.
ದಿನಕ್ಕೆ ಐದು, ಏಳು ದಿನ.
ದಿನಕ್ಕೆ ಮೂರೇ ಸಾಕಾಗುವ ಗುಳಿಗಿಯೂ ಇದೆ,
ಬೆಲೆ ಕೇಳಿ ಅವನು ಐದನ್ನೇ ಆರಿಸಿದ.

ಇದರ ಬೇರು ಗ್ವಾನೀನ್.
ಕಡಲಹಕ್ಕಿಯ ಹಿಕ್ಕೆಯಿಂದ ಬಂದ ಹೆಸರು
ಅಂತ ಮಾಸ್ತರರು ಅಂದಾಗ
ಹಿಂದಿನ ಬೆಂಚು ಗೊಳ್ಳೆಂದಿತು.
ನಾನು ನಗಲಿಲ್ಲ. ನಮ್ಮ ಸೋದರಮಾವನ ಹೊಲ
ಮಾಗಡಿ ಕೆರೆಯ ಕೆಳಗೆ.
ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಹೆಬ್ಬಾತು
ರಾತ್ರಿಯೆಲ್ಲ ಕಡಲೆ ಮೇಯ್ದು ಹೋದರೆ
ಬೆಳಿಗ್ಗೆ ಮಾವ ಬಯ್ಯುತ್ತ, ಬಯ್ಯುತ್ತಲೇ
ಬಿದ್ದ ಹಿಕ್ಕೆಯನ್ನು ಗೊಬ್ಬರದ ಲೆಕ್ಕಕ್ಕೆ ಹಿಡಿಯುತ್ತಿದ್ದ.

ಮೀನಿನ ಹುರುಪೆಯ ಬೆಳ್ಳಿಯೂ ಅದೇ ಗ್ವಾನೀನ್.
ನಮ್ಮೊಳಗಿನ ನೇಯ್ಗೆಯಲ್ಲೂ
ನಾಲ್ಕು ಅಕ್ಷರಗಳಲ್ಲಿ ಅದೊಂದು,
ಎದುರಿನ ಸೈಟೊಸೀನನ್ನು ಮೂರು ಕೈಯಿಂದ ಹಿಡಿದು ನಿಂತದ್ದು.
ಈ ಗುಳಿಗಿ ಅದರ ಸೋಗು.
ಮುಖ ಅದೇ. ಬೆನ್ನಿಗಿರಬೇಕಾದ ಸಕ್ಕರೆಯ ಉಂಗುರ ಮಾತ್ರ
ಅರ್ಧ ಒಡೆದ ಬಳೆ.

"ನೂಲು ಕಡದ್ರ ಏನ್ ಮಾಡ್ತೀರಿ?"
"ತುದಿಗೆ ತುದಿ ಹೊಸೀತೀವ್ರಿ."
"ತುದೀನ ಇಲ್ಲದ ನೂಲು ಕೊಟ್ರ?"
ಬಹಳ ಹೊತ್ತು ಯೋಚಿಸಿದ, ನೋವು ಮರೆತವನಂತೆ.
"ಅಂಥಾ ನೂಲು ಯಾವ ಸಾವಕಾರ ಕೊಡ್ತಾನ್ರಿ?
ಮಗ್ಗ ನಿಂತಬಿಡ್ತದ."
"ಹಂಗ. ಆ ಹುಳದ ಮಗ್ಗ ನಿಲ್ತದ."

ಇನ್ನೊಂದು ಹೇಳಲಿಲ್ಲ.
ನುಂಗಿದಾಗ ಇದೊಂದು ಪಾಪದ ವಸ್ತು.
ಇದಕ್ಕೆ ರಂಜಕದ ಮೊದಲ ಮಣಿ ಪೋಣಿಸುವುದು ವೈರಸ್ಸೇ
(ರೊಟ್ಟಿಗೆ ಹಚ್ಚುವ ಕೆಂಪು ರಂಜಕವಲ್ಲ,
ಆದರೂ ಉರಿ ಉರಿಯೇ).
ತನ್ನ ಕೈಯಾರೆ ಸಿಂಗರಿಸಿ ಒಳಗೆ ಕರೆದು
ತನ್ನ ನೇಯ್ಗೆಗೇ ಸೇರಿಸಿಕೊಂಡು
ಅಲ್ಲಿಗೆ ಮುಗಿಯುತ್ತದೆ.
ಹೋಗುವುದಿಲ್ಲ, ಮಲಗುತ್ತದೆ.
ಎಂಟರ ವಯಸ್ಸಿನಲ್ಲಿ ಮೈಮೇಲೆ ಅಮ್ಮ ಬಂದಾಗ ಹೊಕ್ಕದ್ದು
ಇವನ ಬೆನ್ನುಹುರಿಯ ಬುಡದಲ್ಲಿ
ಅರ್ಧ ಶತಮಾನ ಮಲಗಿತ್ತಲ್ಲ, ಹಾಗೆ.

ರೊಕ್ಕ ಎಣಿಸಿಟ್ಟು ಹೊರಟವನು ತಿರುಗಿ ನಿಂತ.
"ನೀವು ಪಾರವ್ವನ ಮೊಮ್ಮಗಳಲ್ಲೇನ್ರಿ?
ಒಂದು ಗೆರೀನೂ ಎಳೀರಲ್ಲ."

ಕೆಮ್ಮಣ್ಣು ಎಲ್ಲಿಂದ ತರಲಿ.
ಓದು ಬಾರದವರಿಗಾಗಿ
ಲಕೋಟೆಯ ಮೇಲೆ ಗೆರೆ ಹಾಕುವ ರೂಢಿ ನನಗೆ,
ಹೊತ್ತಿಗೊಂದರಂತೆ ಐದು.
ಕೆಂಪು ಪೆನ್ನಿನಿಂದ ಐದೂ ಎಳೆದು
ಕೈ ತಡೆಯದೆ
ಆರನೆಯದನ್ನು ಅಡ್ಡ ಎಳೆದೆ.
ಲಕೋಟೆಯನ್ನು ಕಣ್ಣಿಗೊತ್ತಿಕೊಂಡ. ನಾನು ಬೇರೆಲ್ಲೋ ನೋಡಿದೆ.

"ನೀರು ಬಾಳ ಕುಡೀರಿ, ಇಲ್ಲಾಂದ್ರ ಮೂತ್ರಪಿಂಡದಾಗ ಹಳ್ಳು ಕಟ್ತದ."
"ನಳ ಬಂದು ಹನ್ನೊಂದು ದಿನಾತ್ರಿ," ಅಂದ,
ದೂರೇನೂ ಇಲ್ಲದ ದನಿಯಲ್ಲಿ.

ಮೂಲೆಯ ಹರವಿಯಿಂದ ಚರಿಗಿ ತುಂಬಿ ಕೊಟ್ಟೆ.
ಮೊದಲನೆಯದನ್ನು ಇಲ್ಲೇ ನುಂಗಿದ.