ಖರಾಬು

ಪಹಣಿಯಲ್ಲಿ ಈ ಬಯಲಿಗೆ ಒಂದೇ ಪದ: ಖರಾಬು.
ಮಧುಗಿರಿಯ ಯಾವ ಗುಮಾಸ್ತ ಬರೆದನೋ, ಶಾಯಿ ಕಂದಿದೆ.
ಅದನ್ನು ತಿದ್ದಿಸಲು ಹೊರಟವಳು ನಾನು,
ಇಪ್ಪತ್ತಮೂರು ವರ್ಷದ ಹಿಂದೆ,
ಒಂದು ಟೇಪು, ನಾಲ್ಕು ಗೂಟ, ಬಾಡಿಗೆ ಸೈಕಲ್ಲು.

ಮೊದಲ ದಿನವೇ ಜುಂಜಣ್ಣ ಕುರಿ ನಿಲ್ಲಿಸಿ ಕೇಳಿದ:
“ಏನ್ ಕಳಕೊಂಡ್ಯವ್ವ, ಓಲೇನಾ?”
ಕರಡದ ಹುಲ್ಲಲ್ಲಿ ಮಂಡಿಯೂರಿ
ಹಿಕ್ಕೆ ಎಣಿಸುತ್ತಿದ್ದೆ, ನೂರಾ ನಲವತ್ತೊಂದು.
ಅವನು ಒಂದನ್ನು ಬೆರಳಲ್ಲಿ ಪುಡಿಮಾಡಿ ಮೂಸಿದ.
“ಗಂಡು ಜಿಂಕೇದು. ದಿನಾ ಇಲ್ಲೇ ಬಂದು ಹಾಕ್ತೈತೆ.
ಇದು ಅದರ ಪಹಣಿ ಕಣವ್ವ.”
ನನ್ನ ಪ್ರಬಂಧದ ಮೂರನೇ ಅಧ್ಯಾಯ,
ಎಂಬತ್ತು ಪುಟ, ಆ ಮಾತಿನ ಅಡಿಟಿಪ್ಪಣಿ.

ಆಮೇಲೆ ಹಸಿರು ಮಾಡುವವರು ಬಂದರು.
ಸಾಲಾಗಿ ಗುಂಡಿ, ಗುಂಡಿಗೊಂದು ಸಸಿ, ಫೋಟೋ.
ಮರ ಬೇಡ ಎಂದು ಅರ್ಜಿ ಕೊಟ್ಟೆ.
“ಪರಿಸರದವರೇ ಹಿಂಗಂದ್ರೆ?” ಸಾಹೇಬರು ನಕ್ಕರು.
ಹೇಗೆ ಹೇಳಲಿ, ಕಣ್ಣು ಹಾಯುವಷ್ಟು ದೂರ
ಏನೂ ಅಡ್ಡ ನಿಲ್ಲದಿರುವುದೇ ಜಿಂಕೆಯ ಮನೆ,
ನೆಲಗುಬ್ಬಿಗೆ ಒಣಗಿದ ಗೊರಸಿನ ಗುರುತೇ ತೊಟ್ಟಿಲು.
ತೋಳವೂ ನನ್ನ ಲೆಕ್ಕದಲ್ಲಿದೆ,
ಜುಂಜಣ್ಣನ ಲೆಕ್ಕದಲ್ಲಿ ಬೇರೆ ಥರ:
ಹೋದ ಕಾರ್ತೀಕದಿಂದ ಏಳು ಮರಿ.

ಕಡತ ಹೋಗಿದೆ, ಬಂದಿದೆ, ಮತ್ತೆ ಹೋಗಿದೆ.
ಮೊನ್ನೆ ತುಮಕೂರಿನ ಮೂಳೆ ಡಾಕ್ಟರು
ಎಕ್ಸ್‌ರೇ ಬೆಳಕಿಗೆ ಹಿಡಿದು
“ಮಂಡಿ ಪೂರಾ ಖರಾಬಾಗಿದೆ ಮೇಡಂ” ಅಂದರು.
ಆ ಪದಕ್ಕೆ ನಾನು ಮೊದಲ ಸಲ ತಲೆಯಾಡಿಸಿದೆ.

ಮೆಟ್ಟಿಲಿಳಿಯುವಾಗ ಜುಂಜಣ್ಣನ ಫೋನು:
“ಸರ್ವೆ ಕಲ್ಲಿನ ಬುಡಕ್ಕೇ ಹಾಕೈತೆ ಇವತ್ತು,
ಇನ್ನೂ ಬಿಸಿ ಐತೆ. ಎಣಿಸ್ಲಾ?”