ಮೂರು ಲೋಟ ನೀರು

ರಾತ್ರಿ ಹತ್ತಕ್ಕೆ ದೆವೊಲಿಂಡಾ
ಸಕ್ಕರೆನೀರಿನ ಚೀಲವನ್ನು ಗೂಟಕ್ಕೆ ತೂಗುಹಾಕಿ
ಹೊಟ್ಟೆಯ ಕೊಳವೆಗೆ ಜೋಡಿಸುತ್ತಾಳೆ.
ಎರಡು ಲೀಟರು. ಇಳಿಯಲು ಹತ್ತು ನಿಮಿಷ.
ಆ ಗೂಟದಲ್ಲಿ ಮೊದಲು ಗಂಡನ ಮಳೆಯಂಗಿ ಇತ್ತು.

ಪೋರ್ಚುಗಲ್ಲಿನ ಈ ಕಡಲಂಚಿನಲ್ಲಿ ಮೂವತ್ತೊಂದು ವರ್ಷ
ಕಾಡ್ ಮೀನಿಗೆ ಉಪ್ಪು ಹಾಕಿದ ಕೈ ಅವು.
ಪದರ ಮೀನು, ಪದರ ಉಪ್ಪು.
ಯಾರೂ ಹಿಂಡಬೇಕಿರಲಿಲ್ಲ,
ಬೆಳಗಾಗುವಷ್ಟರಲ್ಲಿ ನೀರು ತಾನೇ ಎದ್ದು ಬಂದು
ಅವಳ ಬೂಟಿನ ಸುತ್ತ ನಿಂತಿರುತ್ತಿತ್ತು.

ಮೊದಲ ದಿನ ಚಿತ್ರ ಬರೆದು ವಿವರಿಸಿದ್ದೆ:
ನಡುವೆ ತೆಳುಪರೆ, ಎಲ್ಲಿ ಕರಗಿದ್ದು ಹೆಚ್ಚೋ
ನೀರು ಅತ್ತ ಹರಿಯುತ್ತದೆ.
ನನ್ನ ನರ್ಸ್ ಟೋಪಿಯಿಂದ ಬೂಟಿನವರೆಗೆ ನೋಡಿ
"ಮಗೂ, ಇದನ್ನು ನನಗೆ ಹೇಳಿಕೊಡುತ್ತೀಯಾ?" ಅಂದಳು.

ಕರುಳನ್ನು ಸುತ್ತಿದ ಆ ಪರೆ,
ಎರಡು ಬಸಿರಿಗೆ ಹಿಗ್ಗಿ ಕೊಟ್ಟದ್ದು,
ಈಗ ಮೂತ್ರಪಿಂಡ ಬಿಟ್ಟುಹೋದ ಕೆಲಸ ನೋಡಿಕೊಳ್ಳುತ್ತಿದೆ.
ರಕ್ತದಿಂದ ಯೂರಿಯಾ ಜಿನುಗಿ ಆಚೆಗೆ,
ಸಕ್ಕರೆಯ ಸೆಳೆತಕ್ಕೆ ನೀರು.
ಸಕ್ಕರೆಯೂ ಸುಮ್ಮನಿರದು, ಕದ್ದು ಒಳಗೆ ನುಸುಳುತ್ತದೆ;
ಪಾವಾಡೆ ಬಿಗಿ ಎಂದು ನನ್ನನ್ನೇ ಬೈಯುತ್ತಾಳೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಇವಳಿಗೆ ದಿನಕ್ಕೆ ಮೂರೇ ಲೋಟ,
ತಿಂದವಳೂ ಅಲ್ಲ, ಬರೀ ಎರಚಿದವಳು.

ಬೆಳಗ್ಗೆ ಹೊರಬಂದದ್ದನ್ನು ತೂಗಿ ಬರೆಯುತ್ತಾಳೆ: ೨೩೪೦.
ಹೋದದ್ದಕ್ಕಿಂತ ಮುನ್ನೂರ ನಲವತ್ತು ಹೆಚ್ಚು.
ಮೇಸ್ತ್ರಿಗೆ ಲೆಕ್ಕ ಒಪ್ಪಿಸುತ್ತಿದ್ದ ಅದೇ ಸೊಟ್ಟ ಅಂಕಿ.
ಆಮೇಲೆ ಚೀಲವನ್ನು ಪತ್ರಿಕೆಯ ಮೇಲಿಟ್ಟು ಬಗ್ಗುತ್ತಾಳೆ,
ಸೋಂಕಿಲ್ಲದಿದ್ದರೆ ಅಕ್ಷರ ಕಾಣಬೇಕು.
ಇವತ್ತು ಕಂಡದ್ದು ಹವಾಮಾನ:
ಬಡಗಣ ಗಾಳಿ, ಒಣ ಹವೆ.
ಮೀನು ಹರವಬಹುದಾದ ದಿನ.