ಅಂಗಾಲಿಗೆ ಗೊತ್ತು

ಸೆಕೆಂಡು ಯಾಕಮ್ಮ ಎರಡು ಸಲ ಬರೀಬೇಕು,
ಕೇಳುತ್ತಾಳೆ ಇಂಪನ, ಒಂಬತ್ತನೇ ಕ್ಲಾಸು.
ಮೀಟರ್ ಪ್ರತಿ ಸೆಕೆಂಡಿಗೆ, ಅದೂ ಪ್ರತಿ ಸೆಕೆಂಡಿಗೆ.
ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ.
ವೇಗೋತ್ಕರ್ಷ ಅನ್ನುವ ಪದ
ನನ್ನ ಬಾಯಲ್ಲಿ ತಿರುಗುವಷ್ಟರಲ್ಲಿ
ಎರಡು ಎಸಳು ನೆಲಕ್ಕೆ ಬಿದ್ದವು.

ಹನ್ನೊಂದು ವರ್ಷ, ಮಂಡ್ಯ–ಮೇಲುಕೋಟೆ ಬಸ್ಸಿನಲ್ಲಿ
ಒಂದು ಕೈಗೆ ಚಿಲ್ಲರೆ, ಇನ್ನೊಂದಕ್ಕೆ ಟಿಕೆಟ್ ಮಿಷನ್ನು.
ಕಂಬಿ ಹಿಡಿಯಲು ಮೂರನೇ ಕೈ ಕೊಟ್ಟಿಲ್ಲ ನಿಗಮ.
ಕಲಿತದ್ದೆಲ್ಲ ಅಂಗಾಲಿನಿಂದ.

ದುದ್ದ ದಾಟಿದ ಮೇಲೆ
ಮುಳ್ಳು ಅರವತ್ತರಲ್ಲಿ ನೆಟ್ಟರೆ
ನಿಂತವರೂ ತೂಕಡಿಸುತ್ತಾರೆ.
ವೇಗ ಯಾರನ್ನೂ ಮುಟ್ಟುವುದಿಲ್ಲ ಮಗಳೇ.
ಅರವತ್ತಾಗುವಾಗ ಮುಟ್ಟುತ್ತದೆ,
ಅರವತ್ತು ಬಿಡುವಾಗ ಮುಟ್ಟುತ್ತದೆ.
ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು
ಚಲುವೇಗೌಡರು ಬ್ರೇಕು ತುಳಿದ ದಿನ
ಒಬ್ಬರ ಎಲೆಅಡಿಕೆ ಚೀಲ, ಒಬ್ಬರ ಬೈಗುಳ,
ಒಬ್ಬ ತಾತನ ಒಂಟಿ ಚಪ್ಪಲಿ
ಎಲ್ಲ ಅರವತ್ತರಲ್ಲೇ ಮುಂದಕ್ಕೆ ಹೋದವು.
ಬಸ್ಸು ಮಾತ್ರ ನಿಂತಿತ್ತು.

ಜಕ್ಕನಹಳ್ಳಿ ಆಚೆ ಬೆಟ್ಟದ ತಿರುವು. ಮುಳ್ಳು ಇಪ್ಪತ್ತೈದು,
ಅಲ್ಲಾಡುವುದಿಲ್ಲ. ಆದರೂ ಇಡೀ ಬಸ್ಸು ವಾಲಿ
ಗುರುತಿಲ್ಲದವರ ಹೆಗಲಿಗೆ ಹೆಗಲು.
ದಿಕ್ಕು ಬದಲಾದರೂ ಅದೇ, ಅನ್ನುತ್ತದಲ್ಲ ನಿನ್ನ ಪುಸ್ತಕ,
ಅದು ನನಗೆ ಹೊಸದಲ್ಲ.

ಆದರೆ ಎರಡನೇ ಸೆಕೆಂಡು?
ಬಾ ಇಲ್ಲಿ, ಬಾಗಿಲ ಚೌಕಟ್ಟಿಗೆ.
ಗೌರಿ ಹಬ್ಬಕ್ಕೊಂದರಂತೆ
ನಿನ್ನ ನೆತ್ತಿಗೆ ಎಳೆದ ಪೆನ್ಸಿಲ್ ಗೆರೆ.
ಆರನೇ ಕ್ಲಾಸಿಗೂ ಏಳಕ್ಕೂ ನಡುವೆ ಎರಡು ಬೆರಳು,
ಏಳಕ್ಕೂ ಎಂಟಕ್ಕೂ ಮೂರು,
ಈ ಸಲ ನಾಲ್ಕು, ಮೇಲೊಂದು ಉಗುರು.
ಬೆಳೆಯುವುದು ಒಂದು.
ಬೆಳೆಯುವುದೇ ಬೆಳೆಯುವುದು ಇನ್ನೊಂದು.
ವರ್ಷಕ್ಕಿಷ್ಟು ಅಂತ ಒಂದು ಸಲ ವರ್ಷ ಬರೀ,
ಆ ಇಷ್ಟು ಅನ್ನುವುದೂ ವರ್ಷ ವರ್ಷ ಹಿಗ್ಗಿತಲ್ಲ,
ಅದಕ್ಕೆ ಇನ್ನೊಂದು ಸಲ.

ಬರೆದುಕೊಂಡಳು. ಪೆನ್ನು ಕಚ್ಚಿದಳು.
ಮುಂದಿನ ವರ್ಷ ಮತ್ತೆ ಎರಡೇ ಬೆರಳಾದರೆ?
ಅದೂ ಅದೇ ಕಣೆ, ಮೈನಸ್ಸು ಹಾಕು.
ನಕ್ಕಳು, ಬೆನ್ನು ಚೌಕಟ್ಟಿಗೆ ಆನಿಸಿ.
ನನ್ನ ಕಣ್ಣಿಗೆ ನೇರ ಅವಳ ಕಣ್ಣು.
ಹೋದ ಹಬ್ಬಕ್ಕೆ ಹೀಗಿರಲಿಲ್ಲ.

ಅವತ್ತು ನನಗೆ ಡ್ಯೂಟಿ ಇರಲಿಲ್ಲ.
ಆದರೂ ನೋಡುತ್ತೇನೆ,
ಅಡುಗೆಮನೆಯ ಗಾರೆ ನೆಲದ ಮೇಲೆ
ಕಾಲು ಅಗಲಿಸಿ, ಮಂಡಿ ಸ್ವಲ್ಪ ಸಡಿಲ ಬಿಟ್ಟು
ನಿಂತಿದ್ದೇನೆ,
ತಿರುವಿಗೆ ಮೊದಲು ನಿಲ್ಲುವ ಹಾಗೆ.